ಘಟ್ಟದ ಹಾದಿಗೆ ಹೊರಟ ತಮ್ಮನಿಗೆ

ಪುಣೆ
ಆಗಸ್ಟ್ 20

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ. ಅಪ್ಪ-ಅವ್ವನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ಅವ್ವ ಇನ್ನೂ ಪುಣೆಗೆ ಪರದೇಶ ಅಂತಲೇ ಅನ್ನುತ್ತಾಳಲ್ಲ, ಆ ಪರದೇಶದಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ.

ಸೆಪ್ಟೆಂಬರಿನಲ್ಲಿ ಧಾರವಾಡದಿಂದ ಗಾಡಿ ಮೇಲೆ ಬರುತ್ತೀ, ಹಾದಿಯಲ್ಲಿ ಫೋಟೋ ತೆಗೀತೀ, ಅದರಲ್ಲಿ ಒಂದನ್ನ ದೊಡ್ಡದು ಮಾಡಿಸಿ ಪಡಸಾಲೆಗೆ ಹಾಕಬೇಕು ಅಂತ ಅವ್ವ ಕೇಳಿದ್ದಾಳೆ ಎಂದು ಬರೆದಿದ್ದಿ. ಯಾವ ಲೆನ್ಸ್ ಕೊಳ್ಳಲಿ ಅಂತ ಕೇಳಿದ್ದಿ. ಲೆನ್ಸ್ ಏನೂ ಕೊಳ್ಳಬೇಡ. ಇದ್ದ ಕ್ಯಾಮೆರಾ, ಇದ್ದ ಫೋನು ಸಾಕು. ಯಾವ ಹೊತ್ತಿಗೆ ಎಲ್ಲಿ ನಿಂತಿರಬೇಕು ಅನ್ನೋದು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂಗ. ಉಳಿದ ಕಾಲು ಭಾಗ ಅಂದರೆ ಸಾಮಾನು ಒಣಗಿದ್ದು, ಅಲುಗದೆ ಪುಣೆ ಮುಟ್ಟುವುದು. ಅದರಿಂದಲೇ ಶುರು ಮಾಡುತ್ತೇನೆ.

ಹಾದಿ ನೋಡಲಿಕ್ಕೆ ಫೋನನ್ನು ಹ್ಯಾಂಡಲಿಗೆ ಕಟ್ಟುವ ರೂಢಿ ನಿನಗಿದೆ. ಈಗಿನ ಬಹಳ ಫೋನುಗಳ ಕ್ಯಾಮೆರಾದೊಳಗೆ ಲೆನ್ಸ್ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ, ಸಣ್ಣ ಅಯಸ್ಕಾಂತಗಳು ಅದನ್ನ ಅತ್ತಿತ್ತ ಸರಿಸುತ್ತವೆ. ಕೈ ನಡುಗಿದರೂ ಚಿತ್ರ ಅಲುಗದಿರುವುದು ಅದರಿಂದಲೇ. ಎಂಜಿನ್ನಿನ ಕಂಪನ ಹ್ಯಾಂಡಲಿನ ಮೂಲಕ ನೇರ ಅಲ್ಲಿಗೆ ಹೋಗುತ್ತದೆ. ದಿನಗಟ್ಟಲೆ ಹಾಗೆ ಓಡಿಸಿದರೆ ಫೋಕಸ್ ತಪ್ಪಲಿಕ್ಕೆ ಹತ್ತುತ್ತದೆ, ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ಆ್ಯಪಲ್ ಕಂಪನಿಯೇ 2021ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಿನ್ನದು ಬೇರೆ ಕಂಪನಿಯ ಫೋನಾದರೂ ಒಳಗಿನ ಕಟ್ಟೋಣ ಬಹುಶಃ ಅದೇ. ಹಳೆ ಫೋನ್ ಇದ್ದರೆ ನಕಾಶೆಗೆ ಅದನ್ನ ಕಟ್ಟು, ಚಿತ್ರ ತೆಗೆಯುವ ಫೋನನ್ನ ಎದೆಯ ಕಿಸೆಯಲ್ಲಿಡು. ಕಟ್ಟಲೇಬೇಕು ಅಂದರೆ ಕಂಪನ ನುಂಗುವ ರಬ್ಬರಿನ ಡ್ಯಾಂಪರ್ ಇರುವ ಮೌಂಟ್ ತಗೋ.

ಕ್ಯಾಮೆರಾಕ್ಕೂ ಇದೇ ಮಾತು. ಹಿಂದಿನ ಕ್ಯಾರಿಯರಿನ ಡಬ್ಬಿಯಲ್ಲಿ ಇಡಬೇಡ. ನೂರು ಕಿಲೋಮೀಟರ್ ತಗ್ಗು-ದಿನ್ನೆ ಹಾದಿಯಲ್ಲಿ ಕುಟ್ಟಿದರೆ ಲೆನ್ಸಿನ ಸಣ್ಣ ಸ್ಕ್ರೂಗಳು ಸಡಿಲಾಗುತ್ತವೆ. ನಮ್ಮ ಮೈ ಅರ್ಧ ಹೊಡೆತ ನುಂಗುತ್ತದೆ, ಹಾಗಾಗಿ ಎದೆಗೆ ಅಥವಾ ಸೊಂಟಕ್ಕೆ ಕಟ್ಟುವ ಪಿಶವಿ ಎಲ್ಲಕ್ಕಿಂತ ಚಲೋ. ಬೆನ್ನಿನ ಚೀಲದಲ್ಲಿ ಮಾತ್ರ ಬೇಡ, ಬಿದ್ದರೆ ಆ ಗಟ್ಟಿ ಸಾಮಾನು ಬೆನ್ನುಮೂಳೆಗೆ ಒತ್ತುತ್ತದೆ. ಡಬ್ಬಿಯಲ್ಲೇ ಇಡುವ ಪ್ರಸಂಗ ಬಂದರೆ ಸುತ್ತಲೂ ಒಂದಿಂಚು ಫೋಮ್ ಇರಲಿ, ಲೆನ್ಸ್ ಬಿಚ್ಚಿ ಬೇರೆ ಇಡು.

ಇನ್ನು ಥಂಡಿ. ಘಟ್ಟದ ಮೇಲಿನ ಮಳೆಗಾಲದಲ್ಲಿ ಕ್ಯಾಮೆರಾ ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಗಾಳಿಯಲ್ಲಿನ ತೇವ. ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆದರೆ ಬಿಚ್ಚಿ ತೊಳೆಸಬೇಕು, ತಡವಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಂದು ಅದರಲ್ಲಿ 100 ಗ್ರಾಂ ಸಿಲಿಕಾ ಜೆಲ್ ಹಾಕು, ರಾತ್ರಿ ಕ್ಯಾಮೆರಾ ಅದರಲ್ಲೇ ಮಲಗಲಿ. ಕಿತ್ತಳೆ ಬಣ್ಣದ ಜೆಲ್ ತಗೋ. ತೇವ ಕುಡಿದಂತೆ ಹಸಿರಾಗುತ್ತದೆ. ಅಡಿಗೆಗೆ ಬಳಸದ ಹಳೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿ ಮಾಡಿದರೆ ತಿರುಗಿ ಕಿತ್ತಳೆ ಆಗುತ್ತದೆ, ಮತ್ತೆ ಬಳಸಬಹುದು. ನೀಲಿ ಬಣ್ಣದ್ದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಕಾಸುವಂಥದ್ದಲ್ಲ. ತೊಯ್ದ ಫೋನನ್ನು ಅಕ್ಕಿಯಲ್ಲಿ ಹೂಳುವುದನ್ನೂ ಬಿಡು, ಅಕ್ಕಿಯ ಹುಡಿ ಚಾರ್ಜಿಂಗ್ ತೂತಿನಲ್ಲಿ ಕೂತು ಹೊಸ ತಾಪತ್ರಯ ಮಾಡುತ್ತದೆ.

ಸಾತಾರದಲ್ಲಿ ಎಸಿ ಖೋಲಿ ಹಿಡಿದರೆ ಇನ್ನೊಂದು ಮಾತು. ತಣ್ಣಗಾದ ಕ್ಯಾಮೆರಾವನ್ನು ಮುಂಜಾನೆ ಒಮ್ಮೆಲೇ ಹೊರಗೆ ತೆಗೆದರೆ ಗಾಜಿನ ಮೇಲೆ ಬೆವರು ಕೂಡುತ್ತದೆ. ಒರೆಸಿದಷ್ಟೂ ಮತ್ತೆ ಕೂಡುತ್ತದೆ, ಅಷ್ಟರೊಳಗೆ ಸೂರ್ಯ ಮೇಲೆ ಬಂದಿರುತ್ತಾನೆ. ಜಿಪ್ ಚೀಲದಲ್ಲಿ ಮುಚ್ಚಿ ಅರ್ಧ ತಾಸು ಮೊದಲೇ ಖೋಲಿಯ ಹೊರಗೆ ಇಡು, ಬೆವರು ಚೀಲದ ಮೇಲೆ ಕೂಡಲಿ. ಒರೆಸಲಿಕ್ಕೆ ಅಪ್ಪನ ಹಳೆ ಧೋತರದ ಮೆತ್ತನೆ ತುಂಡು ನಾಲ್ಕು ತಾ, ಒಂದು ತೊಯ್ದರೆ ಇನ್ನೊಂದು. ಮೊದಲು ಗಾಳಿ ಊದಿ ಮಣ್ಣಿನ ಕಣ ಹಾರಿಸಬೇಕು, ಆಮೇಲೆ ಒರೆಸಬೇಕು. ಇಲ್ಲದಿದ್ದರೆ ಗೀರು ಬಿತ್ತೆಂದೇ ತಿಳಿ.

ಹಾದಿ ಗೊತ್ತಿದ್ದದ್ದೇ: ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರ. ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದನ್ನ ಒಂದೇ ದಿನ ಮುಗಿಸಿ ಸಾತಾರದಲ್ಲಿ ವಸ್ತಿ ಮಾಡು. ಮರುದಿನ ಮುಂಜಾನೆ ಕಾಸ್. ಊರಿನ ಪಡುವಣಕ್ಕೆ ಸುಮಾರು 25 ಕಿಲೋಮೀಟರ್, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1200 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಬಯಲು. ಕಲ್ಲಿನ ಮೇಲೆ ಮಣ್ಣು ಬೆರಳಷ್ಟೂ ದಪ್ಪ ಇಲ್ಲದ ಕಡೆ ಮರ ಬೆಳೆಯೋದಿಲ್ಲ. ಆ ಜಾಗವನ್ನ ಸಣ್ಣ ಹೂಗಳು ಹಿಡಿದಿವೆ. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಆನ್‌ಲೈನಿನಲ್ಲಿ ಮೊದಲೇ ಹೆಸರು ಹಚ್ಚಬೇಕು. ಶನಿವಾರ, ಭಾನುವಾರ ಬಿಟ್ಟು ಬಾ, ಮುಂಜಾನೆಯ ಮೊದಲ ಪಾಳಿ ಹಿಡಿ.

ಕಾಸಿನಲ್ಲಿ ಎಲ್ಲರ ಫೋಟೋ ಯಾಕೆ ಸಪ್ಪಗೆ ಬರುತ್ತದೆ ಗೊತ್ತೇನು? ನಿಂತು, ವೈಡ್ ಲೆನ್ಸಿನಲ್ಲಿ ತೆಗೆಯುತ್ತಾರೆ. ಹೂ ನೆಲದಿಂದ ಗೇಣು ಎತ್ತರ. ಮೇಲಿಂದ ನೋಡಿದರೆ ಹೂವಿನ ನಡುವಿನ ಕೆಸರು, ಕಲ್ಲು ಎಲ್ಲಾ ಕಾಣುತ್ತದೆ. ಕಣ್ಣನ್ನ ಹೂವಿನ ಮಟ್ಟಕ್ಕೆ ಇಳಿಸಿದರೆ ಮುಂದಿನ ಹೂ ಹಿಂದಿನದಕ್ಕೆ ಹೊಂದಿ ಜಮಖಾನೆ ಹಾಸಿದಂತೆ ಕಾಣುತ್ತದೆ. ಫೋನನ್ನ ತಲೆಕೆಳಗು ಹಿಡಿ, ಲೆನ್ಸ್ ನೆಲದ ಹತ್ತಿರ ಬರುತ್ತದೆ. ಕ್ಯಾಮೆರಾ ಆದರೆ ಜೂಮನ್ನು 100ರಿಂದ 200 ಮಿಲಿಮೀಟರಿಗೆ ಎಳೆ. ಗಾಳಿ ನಿಲ್ಲೋದೇ ಇಲ್ಲ, ಅದಕ್ಕೆ ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ಲೆನ್ಸಿನ ಕಂಡಿ ಎಫ್ 8ಕ್ಕೆ ಇಟ್ಟು, ಬೆಳಕು ಹಿಡಿಯುವ ಶಕ್ತಿ ಅಂದರೆ ಐಎಸ್‌ಒ ಏರಿಸು. ಮೋಡ ಮುಚ್ಚಿದ ದಿನವೇ ಬಣ್ಣ ಚಂದ. ನೆತ್ತಿಯ ಬಿಸಿಲು ಬಿದ್ದರೆ ಬಿಳಿ ಛತ್ರಿ ಹಿಡಿ, ಹೂವಿನ ಮೇಲೆ ಬೆಳಕು ಮೆತ್ತಗಾಗುತ್ತದೆ. ಗುಲಾಬಿ ಬಣ್ಣದ್ದು ತೇರಡಾ, ನಮ್ಮ ಕರ್ಣಕುಂಡಲದ ಬಳಗ. ಹಳದಿಗೆ ಇಲ್ಲಿಯವರು ಮಿಕಿ ಮೌಸ್ ಅಂತಾರೆ. ನೀಲಿ-ನೇರಳೆಯ ಪುಟ್ಟದ್ದು ಸೀತೇಚಿ ಆಸವೆ, ಸೀತೆಯ ಕಣ್ಣೀರು. ಆ ಗಿಡ ತನ್ನ ಸಣ್ಣ ಚೀಲಗಳಲ್ಲಿ ನೀರಿನ ಹುಳ ಹಿಡಿದು ತಿನ್ನುತ್ತದೆ. ಬಿಳಿ ಗುಂಡಿಯಂಥದ್ದು ಗೇಂದ್. ಹದಿನೈದು-ಇಪ್ಪತ್ತು ದಿನಕ್ಕೆ ಬಯಲಿನ ಬಣ್ಣವೇ ಬದಲಾಗುತ್ತದೆ, ನೀನು ಬಂದಾಗ ಯಾವುದು ಸಿಗುತ್ತದೋ ಅದೇ ನಿನ್ನ ಪಾಲಿನದು. ಕಾಲುಹಾದಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡ ತಮ್ಮಾ. ಅಲ್ಲಿ ತುಳಿದ ಮಣ್ಣು ಮತ್ತೆ ಕೂಡಲಿಕ್ಕೆ ವರ್ಷಗಳೇ ಬೇಕು. ಹೂವಿನ ನಡುವೆ ಮಲಗಿ ಫೋಟೋ ತೆಗೆಸಿಕೊಳ್ಳುವವರನ್ನ ನೋಡಿದರೆ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಪುಣೆಗೆ ಬಂದ ಮೇಲೆ ಸಿಂಹಗಡ ಹೇಗೂ ಇದ್ದೇ ಇದೆ, ಪಿಠಲಾ-ಭಾಕ್ರಿಗಾದರೂ (ನಮ್ಮ ಜುಣಕ-ರೊಟ್ಟಿ) ಹೋಗೋಣ. ಆದರೆ ಪಡಸಾಲೆಯ ಫೋಟೋಕ್ಕೆ ನಾನು ಹೇಳುವುದು ಲೋಹಗಡ. ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದು ನಡೆಯಬಹುದು. ಕೋಟೆಯ ತುದಿಯಿಂದ ಪಡುವಣಕ್ಕೆ ಚೇಳಿನ ಕೊಂಡಿಯಂತೆ ಚಾಚಿದ ಬಂಡೆ ಇದೆ, ವಿಂಚುಕಾಟಾ ಅಂತ ಹೆಸರು. ಮುಂಜಾನೆ ಬಿಸಿಲು ನಮ್ಮ ಬೆನ್ನ ಹಿಂದಿಂದ ಅದರ ಮೇಲೆ ಬೀಳುತ್ತದೆ. ಮಂಜು ಮುಚ್ಚಿತೆಂದು ತಿರುಗಿ ಬರಬೇಡ, ಗಾಳಿ ಬೀಸಿದಾಗ ಒಂದೆರಡು ನಿಮಿಷ ತೆರೆಯುತ್ತದೆ, ಆಗ ಕ್ಯಾಮೆರಾ ಕೈಯಲ್ಲಿ ಸಜ್ಜಾಗಿರಬೇಕು. ಮಂಜಿನಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ, ಬಿಳಿಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ತಿಳಿದು ಎಲ್ಲವನ್ನೂ ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು) 0.7ರಿಂದ 1ರವರೆಗೆ ಏರಿಸು. ಕೊಂಡಿಯ ಮೇಲೆ ನಡೆಯುತ್ತಿರುವ ಮನುಷ್ಯ ಒಬ್ಬನಾದರೂ ಚೌಕಟ್ಟಿನಲ್ಲಿ ಇರಲಿ, ಇರುವೆಯಷ್ಟು ಕಂಡರೂ ಅಡ್ಡಿಯಿಲ್ಲ. ಬರೇ ಗುಡ್ಡದ ಫೋಟೋ ನೋಡಿದರೆ ಅದು ನೂರು ಅಡಿಯದೋ ಸಾವಿರ ಅಡಿಯದೋ ಅವ್ವನಿಗೆ ಹೇಗೆ ತಿಳಿಯಬೇಕು? ಮನುಷ್ಯ, ಎಮ್ಮೆ, ನಿನ್ನ ಗಾಡಿ, ಏನಾದರೂ ಒಂದು ಅಳತೆಗೋಲು ಬೇಕು.

ರಜೆ ಉಳಿದರೆ ಹರಿಶ್ಚಂದ್ರಗಡ. ಪಾಚನಯಿ ಹಳ್ಳಿಯ ಕಡೆಯಿಂದ ಹತ್ತುವುದು ಸಲೀಸು. ಅಲ್ಲಿನ ಕೊಂಕಣಕಡಾ ಪಡುವಣಕ್ಕೆ ಮುಖ ಮಾಡಿದ ಪ್ರಪಾತ. ಮುಂಜಾನೆ ಸೂರ್ಯ ಬೆನ್ನಿಗಿದ್ದು ಎದುರು ಕಣಿವೆಯಲ್ಲಿ ಮಂಜು ತುಂಬಿದ್ದರೆ ಮಂಜಿನ ಮೇಲೆ ನಿನ್ನದೇ ನೆರಳು, ನೆರಳಿನ ತಲೆಯ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ. ಇಂದ್ರವಜ್ರ ಅಂತಾರೆ. ಮಗ್ಗುಲಲ್ಲಿ ನಿಂತವರಿಗೆ ಬಳೆ ಅವರವರ ತಲೆಯ ಸುತ್ತಲೇ ಕಾಣುತ್ತದೆ. ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ 1835ರಲ್ಲಿ ಪ್ರಕಟವಾದ ದಖ್ಖನ್ ಹವಾಮಾನದ ಬರಹದಲ್ಲೇ ಇದನ್ನ ದಾಖಲಿಸಿದ್ದಾನೆ. ಇಲ್ಲಿ ಮಾತ್ರ ನಾನು ಮೇಲೆ ಹೇಳಿದ ಲೆಕ್ಕ ತಿರುವುಮುರುವು: ಬಳೆಯ ಬಣ್ಣ ತೀರ ತೆಳು, ಎಕ್ಸ್‌ಪೋಷರ್ ಏರಿಸಿದರೆ ತೊಳೆದು ಹೋಗುತ್ತದೆ. ಇದ್ದಂತೆ ಬಿಡು, ಇಲ್ಲವೇ 0.3 ಇಳಿಸು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆದರೆ ಮನೆಗೆ ಬಂದು ಕಾಂಟ್ರಾಸ್ಟ್ ಏರಿಸಬಹುದು. ಅಂಚಿಗೆ ಹೊಟ್ಟೆಯ ಮೇಲೆ ಮಲಗಿಯೇ ಹೋಗಬೇಕು. ಕ್ಯಾಮೆರಾದ ಪಟ್ಟಿ ಕೊರಳಲ್ಲಿರಲಿ, ಅಂಚಿನಲ್ಲಿ ಸೆಲ್ಫಿ ಕೋಲು ಬೇಡವೇ ಬೇಡ. ಕಡಾದ ಗಾಳಿ ಕೆಳಗಿಂದ ಮೇಲಕ್ಕೆ ಬೀಸುತ್ತದೆ, ನಿಂತವನ ತೂಕ ತಪ್ಪಿಸಲಿಕ್ಕೆ ರೇನ್‌ಕೋಟು ಉಬ್ಬಿದರೆ ಸಾಕು.

ಜಲಪಾತಗಳ ಬಗ್ಗೆ ಹೆಚ್ಚು ಬರೆಯೋದಿಲ್ಲ. ನೀರು ರೇಷ್ಮೆಯಂತೆ ಬರಲಿಕ್ಕೆ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡು ಸಾಕು. ಟ್ರೈಪಾಡ್, ಐಎಸ್‌ಒ 100, ಎಫ್ 11, ಎರಡು ಸೆಕೆಂಡಿನ ಟೈಮರ್. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ತೊಯ್ದ ಎಲೆಯ ಹೊಳಪು ಇಳಿದು ಹಸಿರು ಏಳುತ್ತದೆ. ಆದರೆ ಕಣ್ಣು ನೀರಿನ ಮೇಲಿರಲಿ. ತಿಳಿ ಇದ್ದದ್ದು ಕೆಂಪಾಯಿತೋ, ಎಲೆ-ಕಡ್ಡಿ ತೇಲಿ ಬಂತೋ, ಮೇಲೆಲ್ಲೋ ಮಳೆ ಬಿದ್ದಿದೆ ಅಂತ ಅರ್ಥ; ಟ್ರೈಪಾಡ್ ಹೋದರೂ ಹೋಗಲಿ, ಎದ್ದು ದಂಡೆ ಹತ್ತು. ದೂಧಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವ ಮಾತು ನಿನ್ನ ಗೆಳೆಯರು ಎತ್ತಿದರೆ ಒಪ್ಪಬೇಡ, ಅದಕ್ಕೆ ನಿಷೇಧವಿದೆ. ಮಳೆ ನಿಂತ ಮೇಲೆ ಗೋವಾದ ಕುಳೆಯಿಂದ ಜೀಪಿನಲ್ಲಿ ಹೋಗೋಣಂತೆ.

ಕಡೆಗೆ ಅವ್ವನ ಫೋಟೋ. 12 ಇಂಚು 18 ಇಂಚಿನದು ಮಾಡಿಸೋಣ. 12 ಮೆಗಾಪಿಕ್ಸೆಲಿನ ಫೋನ್ ಚಿತ್ರ ಸುಮಾರು 4000ಕ್ಕೆ 3000 ಚುಕ್ಕಿ ಇರುತ್ತದೆ. 18 ಇಂಚಿಗೆ ಹಂಚಿದರೆ ಇಂಚಿಗೆ 222 ಬಿತ್ತು, ಗೋಡೆಯ ಮೇಲೆ ನೋಡಲಿಕ್ಕೆ ಧಾರಾಳ. ಆದರೆ ಕಾಗದದ ಉದ್ದಗಲ ಬೇರೆ, ಚಿತ್ರದ್ದು ಬೇರೆ. ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಕಳಸದ ತುದಿ, ಮನುಷ್ಯನ ಪಾದ ಹೋಗುವುದು ಹೀಗೆಯೇ. ತೆಗೆಯುವಾಗಲೇ ಮೇಲೂ ಕೆಳಗೂ ಜಾಗ ಬಿಡು. ನನಗೆ ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನ ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸು. ಮ್ಯಾಟ್ ಕಾಗದವೇ ಇರಲಿ. ಪಡಸಾಲೆಯ ಕಿಟಕಿಯ ಬೆಳಕು ಹೊಳೆಯುವ ಕಾಗದದ ಮೇಲೆ ಬಿದ್ದರೆ ಅವ್ವನಿಗೆ ಕಿಟಕಿ ಬಿಟ್ಟು ಬೇರೆ ಕಾಣೋದಿಲ್ಲ.

ಅಟ್ಟದ ಮೇಲಿನ ಹಳೆ ಆಲ್ಬಮ್ ಒಮ್ಮೆ ಇಳಿಸು. ಅದರಲ್ಲಿ ಅರ್ಧ ಫೋಟೋಗಳ ಊರು ಯಾವುದು ಅಂತ ಅಪ್ಪನಿಗಷ್ಟೇ ಗೊತ್ತು. ಮೆತ್ತನೆ ಪೆನ್ಸಿಲ್ ತಗೊಂಡು ಅವರ ಹತ್ತಿರ ಕೂತು ಒಂದೊಂದರ ಬೆನ್ನಿಗೂ ಊರು, ಇಸವಿ, ಯಾರು ಯಾರು ಅಂತ ಬರೆಸಿಕೊಂಡು ಬಾ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂದಿನ ಮಗ್ಗುಲಿಗೆ ಗೆರೆ ಮೂಡುತ್ತದೆ. ನಿನ್ನ ಪ್ರವಾಸದ ಫೋಟೋಗಳಿಗೂ ಹಾಗೆಯೇ ಮಾಡು.

ನಿಪ್ಪಾಣಿ ದಾಟಿದ ಮೇಲೆ ಒಂದು ಫೋನ್ ಹಚ್ಚು. ಕತ್ತಲಾದ ಮೇಲೆ ಗಾಡಿ ಓಡಿಸಬೇಡ.

ಇತಿ ನಿನ್ನ
ಅಕ್ಕ

ತಾ.ಕ.: ಗೆಳೆಯನ ಡ್ರೋನ್ ತರುತ್ತೇನೆ ಅಂದಿದ್ದಿ. ಬೇಡ. ಖಡಕವಾಸಲಾದಲ್ಲಿ ಎನ್‌ಡಿಎ ಎಂಬ ಸೇನಾ ತರಬೇತಿ ಅಕಾಡೆಮಿ, ಲೋಹಗಾವದಲ್ಲಿ ವಾಯುದಳದ ನೆಲೆ ಇದೆ, ಕೋಟೆಗಳ ಮೇಲೆ ಹಾರಿಸಲಿಕ್ಕೂ ಪರವಾನಿಗೆ ಬೇಕು. ಅದರ ತೂಕಕ್ಕೆ ಬದಲು ಟ್ರೈಪಾಡ್ ತಾ. ಮತ್ತೆ, ಹೊರಡುವ ಮುಂಚೆ ಕ್ಯಾಮೆರಾದ ಗಡಿಯಾರವನ್ನೂ ತಾರೀಖನ್ನೂ ಫೋನಿನ ಜೊತೆ ಸರಿಹೊಂದಿಸು. ಇಲ್ಲದಿದ್ದರೆ ಎರಡರ ಚಿತ್ರ ಕೂಡಿಸಿದಾಗ ಕಾಸಿನ ಮುಂಜಾನೆ ನಿಪ್ಪಾಣಿಯ ಮಧ್ಯಾಹ್ನಕ್ಕಿಂತ ಮೊದಲೇ ಬಂದು ಕೂತಿರುತ್ತದೆ.