ನನ್ನ ನಂತರ ಅವಳನ್ನು ಹೊರಳಿಸುವವರು ಯಾರು? ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಮನೆಯ ಹಿಂದಿನ ಗುಡ್ಡೆಯ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು ನನ್ನ ಮಗಳು. ಈಗ 32 ವರ್ಷ. ಕೂರಲಾರಳು, ಮಾತನಾಡಲಾರಳು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯಿತು. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು.

ಕಳೆದ ಮಳೆಗಾಲದಲ್ಲಿ ಅವಳ ಮಾಸಾಶನ ನಿಂತಿತು. ಬದುಕಿದ್ದಾಳೆಂದು ತೋರಿಸಲು ಅವಳೇ ಬಂದು ಹೆಬ್ಬೆಟ್ಟು ಒತ್ತಬೇಕು ಎಂದು ಕಚೇರಿಯವರು ಹೇಳಿದರು. ನಾನೂ ನನ್ನ ಅಣ್ಣನ ಮಗನೂ ಅವಳನ್ನು ಕಂಬಳಿಯಲ್ಲಿ ಸುತ್ತಿ, ಜಾರುವ ಕಾಲುಸಂಕ ದಾಟಿಸಿ, ಬಾಡಿಗೆ ಜೀಪಿನಲ್ಲಿ ಮಲಗಿಸಿ ಕರೆದೊಯ್ದೆವು. ಅವಳ ಬೆರಳುಗಳು ಸೆಟೆದು ಮುಷ್ಟಿಯಾಗಿವೆ, ಬಿಡಿಸಿದರೆ ಚೀರುತ್ತಾಳೆ. ಬಿಡಿಸಿ ಒತ್ತಿಸಿದರು. ಯಂತ್ರ ಗುರುತಿಸಲಿಲ್ಲ. ಕಚೇರಿಯ ಜಗಲಿಯಲ್ಲೇ ಅವಳಿಗೆ ಫಿಟ್ಸ್ ಬಂತು. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದರು. ಸ್ವಾಮಿ, ನಾಳೆ! ಆ ದಿನ ಸೊಂಟದಲ್ಲಿ ಎದ್ದ ಹುಣ್ಣು ಮಾಯಲು ಮೂರು ತಿಂಗಳು ಬೇಕಾಯಿತು.

ಚಿಕಿತ್ಸೆ ಬೇರೆ, ಆರೈಕೆ ಬೇರೆ. ಆಸ್ಪತ್ರೆಯವರು ಔಷಧಿ ಬರೆದು ಮನೆಗೆ ಕಳಿಸುತ್ತಾರೆ. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಲೆ ಎತ್ತಿ ಹಿಡಿಯದೆ ಗಂಜಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಇದು ಹಗಲಿಗೂ ಇದೆ, ರಾತ್ರಿಗೂ ಇದೆ. 32 ವರ್ಷಗಳಲ್ಲಿ ನಾನು ಒಂದು ಇಡೀ ರಾತ್ರಿ ನಿದ್ದೆ ಮಾಡಿಲ್ಲ. ನಮ್ಮ ಜಿಲ್ಲೆಯ ಕೊಕ್ಕಡ, ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ ಹಗಲು ಹೊತ್ತಿನ ಡೇ ಕೇರ್ ಕೇಂದ್ರಗಳಾದವು, ಅನೇಕ ಮಕ್ಕಳಿಗೆ ಆಸರೆಯಾದವು, ಸಂತೋಷ. ಆದರೆ ದಿನವೂ ವಾಹನ ಹತ್ತಲಾಗದವರು ಎಲ್ಲಿಗೆ ಹೋಗಬೇಕು? ರಾತ್ರಿ ನೋಡಿಕೊಳ್ಳುವವರು ಯಾರು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಮಗೆ ಗೊತ್ತಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಅದರ 24ನೇ ಸೆಕ್ಷನ್ನಿನಲ್ಲಿದೆ. ನಾನು ವಿವರಿಸಬೇಕಿಲ್ಲ.

ನಮಗೆ ಬೇಕಾದದ್ದು ಹಗಲೂ ರಾತ್ರಿಯೂ ದಾದಿಯರಿರುವ, ನನ್ನ ಮಗಳಂಥವರು ಕೊನೆಯವರೆಗೂ ಉಳಿಯಬಹುದಾದ ಶಾಶ್ವತ ಆರೈಕೆ ಕೇಂದ್ರ. ಮೂರು ಬಾರಿ ಮನವಿ ಕೊಟ್ಟಿದ್ದೇನೆ. ಮೂರು ಬಾರಿಯೂ "ನೋಡೋಣ" ಎಂದಿರಿ. ಎಷ್ಟು ವರ್ಷ ನೋಡುತ್ತೀರಿ? ಹಾಸಿಗೆಯಲ್ಲಿರುವವರನ್ನು ಕಚೇರಿಗೆ ಹೊತ್ತು ತರಿಸುವುದನ್ನು ಇಂದೇ ನಿಲ್ಲಿಸಿ, ಸಿಬ್ಬಂದಿಯನ್ನು ಮನೆಗೆ ಕಳಿಸಿ. ಶಾಶ್ವತ ಕೇಂದ್ರ ಕೊಡಿ.

ನನಗೆ 61 ವರ್ಷ. ಕಳೆದ ತಿಂಗಳು ಅವಳನ್ನು ಎತ್ತುವಾಗ ಬಿದ್ದು ಎಡಭುಜಕ್ಕೆ ಪೆಟ್ಟಾಗಿದೆ. ಈಗ ಒಂದೇ ಕೈಯಲ್ಲಿ ಹೊರಳಿಸುತ್ತಿದ್ದೇನೆ. ಕೇಂದ್ರ ಯಾವಾಗ ಆಗುತ್ತದೆ? ದಿನಾಂಕ ತಿಳಿಸಿ.

ಇತಿ,
ದಕ್ಷಿಣ ಕನ್ನಡದ ಒಬ್ಬ ತಾಯಿ