ಮಕ್ಕಳ ದಿನದ ಆ ಫೋಟೊ ಈ ಸಲ ಬೇಡ

ಸಂಪಾದಕರಿಗೆ ನಮಸ್ಕಾರ.

ನವೆಂಬರ್ 14 ಹತ್ತಿರ ಬಂತು. ಮಾರನೇ ದಿನ ಪತ್ರಿಕೆಗಳಲ್ಲಿ ಬರುವ ಫೋಟೊ ನಮಗೆಲ್ಲ ಗೊತ್ತು. ಹಿಂದೆ ಬ್ಯಾನರ್ ಹಿಡಿದು ನಿಂತ ದೊಡ್ಡವರು, ಮುಂದೆ ನೆಲದ ಮೇಲೆ ಬಿಸ್ಕತ್ತು ಪೊಟ್ಟಣ ಹಿಡಿದು ಕೂತ ಮಕ್ಕಳು, ಮೇಲೆ 'ಅನಾಥ ಮಕ್ಕಳೊಂದಿಗೆ ಮಕ್ಕಳ ದಿನ' ಅಂತ ತಲೆಬರಹ. ಈ ಸಲ ಅದನ್ನು ಹಾಕಬೇಡಿ ಅಂತ ಕೇಳಲು ಬರೆಯುತ್ತಿದ್ದೇನೆ.

ನಾನು ಮೂರು ವರ್ಷದಿಂದ ಹೆಣ್ಣುಮಕ್ಕಳ ಆಶ್ರಮವೊಂದಕ್ಕೆ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. ಕಳೆದ ವರ್ಷ ಆ ದಿನ ಅಲ್ಲಿಗೆ ನಾಲ್ಕು ತಂಡ ಬಂದವು. ಪ್ರತಿ ತಂಡಕ್ಕೂ ಸ್ವಾಗತಗೀತೆ, ಅದೇ ಡ್ಯಾನ್ಸ್, ಕೇಕ್, ಭಾಷಣ, ಕೊನೆಗೆ ಫೋಟೊ. ನಾಲ್ಕನೇ ತಂಡ ತಡವಾಗಿ ಬಂತು, ಅಷ್ಟರಲ್ಲಿ ಚಿಕ್ಕವರು ಹೊಸ ಫ್ರಾಕ್ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದರು. ಆರು ವರ್ಷದ ಒಬ್ಬಳು ನನ್ನ ದುಪಟ್ಟಾ ಹಿಡಿದು, "ಅಕ್ಕಾ, ಇನ್ನೊಂದ್ಸಲ ಕುಣೀಬೇಕಾ?" ಅಂದಳು. ಅವತ್ತು ಅವಳ ಹಬ್ಬ ಅಲ್ವಾ?

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಫೋಟೊ ಹೊತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಾ ನಿಂತಳು. ಕರೆದರೂ ಬರಲಿಲ್ಲ. ಅಜ್ಜಿ ಮನೆಯಲ್ಲಿದ್ದೀನಿ ಅಂತ ಸ್ಕೂಲಲ್ಲಿ ಹೇಳಿಕೊಂಡಿದ್ದಳಂತೆ, ಹಿಂದಿನ ವರ್ಷ ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅವಳ ಮುಖ ನೋಡಿದ ಗೆಳತಿ ಎಲ್ಲರ ಮುಂದೆ ಕೇಳಿಬಿಟ್ಟಳಂತೆ. ಅವಳಿಗೆ ಅಮ್ಮ ಇದ್ದಾರೆ. ಗಾರ್ಮೆಂಟ್ಸ್ ಕೆಲಸ, ತಿಂಗಳಿಗೊಮ್ಮೆ ಬಂದು ನೋಡಿ ಹೋಗುತ್ತಾರೆ. ಆಶ್ರಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಬಡತನ, ಕಾಯಿಲೆ, ಮನೆಯ ಜಗಳ ಅವರನ್ನು ಅಲ್ಲಿಗೆ ತಂದಿರುತ್ತದೆ. ಬ್ಯಾನರ್ ಮೇಲೆ 'ಅನಾಥ' ಅಂತ ಬರೆದದ್ದನ್ನು ಓದಲು ಅವರಿಗೂ ಬರುತ್ತದೆ.

ಕಾನೂನೂ ಇದೆ. ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ನಡೆಸಿ ಆಶ್ರಮಕ್ಕೆ ಕಳಿಸುವ ಮಕ್ಕಳು ಇವರು. ಇಂಥ ಮಕ್ಕಳ ಹೆಸರು, ಶಾಲೆ, ಫೋಟೊ, ಗುರುತು ಸಿಗುವ ಬೇರೆ ಯಾವುದನ್ನೂ ವರದಿಯಲ್ಲಿ ಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬರುವವರು ಕೆಟ್ಟವರಲ್ಲ. ಮೊದಲ ಸಲ ನಾನೂ ಆಫೀಸಿನವರ ಜೊತೆ ಹೀಗೇ ಹೋಗಿ ಫೋಟೊಗೆ ನಿಂತಿದ್ದೆ, ಅದಕ್ಕೆ ಈಗಲೂ ಬೇಜಾರಿದೆ. ದಯವಿಟ್ಟು ಬನ್ನಿ, ಆದರೆ ಮೊದಲು ವಾರ್ಡನ್ ಅವರನ್ನು ಕೇಳಿ ಬನ್ನಿ. ಕಳೆದ ಮಕ್ಕಳ ದಿನ ಕೇಕ್ ಮಿಕ್ಕಿ ಹಾಳಾಯಿತು, ಈ ಜೂನ್‌ನಲ್ಲಿ ಸ್ಕೂಲ್ ಶುರುವಾದಾಗ ಕೆಲವರಿಗೆ ಶೂ ಇರಲಿಲ್ಲ, ಜಾಮಿಟ್ರಿ ಬಾಕ್ಸ್ ಮೂರು ಜನಕ್ಕೆ ಒಂದು. ಸ್ಯಾನಿಟರಿ ಪ್ಯಾಡ್ ಪ್ರತಿ ತಿಂಗಳೂ ಬೇಕು, ಅದನ್ನು ತರುವವರು ತೀರಾ ಕಡಿಮೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ವಾರಕ್ಕೆರಡು ಗಂಟೆ ವಿಜ್ಞಾನ ಹೇಳಿಕೊಡುವವರು ಸಿಕ್ಕರೆ ಸಾಕು ಅಂತ ನಾವು ಎಷ್ಟು ಕಡೆ ಕೇಳಿದೆವು! ಏನೂ ತರಲಾಗದಿದ್ದರೆ ಸುಮ್ನೆ ಬಂದು ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿ, ಅದಕ್ಕೆ ಅವರು ಇನ್ನೂ ಜಾಸ್ತಿ ಖುಷಿಪಡುತ್ತಾರೆ.

ನವೆಂಬರ್ 15ರಂದು ಆ ಫೋಟೊ ಬದಲು, ನಮ್ಮ ಜಿಲ್ಲೆಯ ಆಶ್ರಮಗಳಿಗೆ ಏನೇನು ಬೇಕಿದೆ ಅಂತ ಕೇಳಿ ಬರೆಯಿರಿ. ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಆಶ್ರಮಕ್ಕೂ ನಿಮ್ಮ ಪತ್ರಿಕೆ ಬರುತ್ತದೆ, ಬೆಳಿಗ್ಗೆ ಅದನ್ನು ಮೊದಲು ತೆರೆಯುವವಳು ಅವಳು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ತುಮಕೂರು