ಪೋಷಕರಿಗೆ ಪತ್ರ: ಈ ಸಲದ ಪ್ರವಾಸ ಬೇಲೂರಿಗೆ ಮಾತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಏಳನೇ ತರಗತಿಯ ಪ್ರವಾಸದ ಬಗ್ಗೆ ಹಲವರು ಫೋನ್ ಮಾಡಿದಿರಿ. ಕೆಲವರು ಶಾಲೆಗೇ ಬಂದು ಮಾತಾಡಿದಿರಿ. ಅಷ್ಟು ದೂರ ಹೋಗಿ ಬರೀ ಒಂದು ದೇವಸ್ಥಾನನಾ, ಹಳೇಬೀಡು ಅಲ್ಲೇ ಹತ್ತಿರ ಅಲ್ವಾ, ಶ್ರವಣಬೆಳಗೊಳವನ್ನೂ ಸೇರಿಸಬಹುದಿತ್ತಲ್ಲ ಎಂದು ಕೇಳಿದಿರಿ. ಕೇಳಿದ್ದರಲ್ಲಿ ತಪ್ಪೇನಿಲ್ಲ. ದುಡ್ಡು ಕೊಡುವವರು ನೀವು.

ಹೋದ ವರ್ಷ ಮೂರೂ ಊರು ಒಂದೇ ದಿನ ಸುತ್ತಿಸಿದೆವು. ಬೇಲೂರಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಬಂದ ಮೇಲೆ ಪ್ರಬಂಧ ಬರೆಸಿದರೆ ಹೆಚ್ಚಿನ ಮಕ್ಕಳು ಬಸ್ಸಿನಲ್ಲಿ ಕುಣಿದದ್ದನ್ನೇ ಬರೆದಿದ್ದರು. ಅದು ಮಕ್ಕಳ ತಪ್ಪಲ್ಲ, ನಮ್ಮದು.

ಚೆನ್ನಕೇಶವನ ಗುಡಿ ಓಡುತ್ತಾ ನೋಡುವಂಥದ್ದಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದ. ಒಂಬೈನೂರು ವರ್ಷ ದಾಟಿದರೂ ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಗುಡಿ ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಕಡಿಯುವಾಗ ಮೆತ್ತಗಿರುವ ಕಲ್ಲು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಗೋಡೆಯ ಮೇಲ್ಗಡೆ ನಿಂತ ಮದನಿಕೆಯರ, ಅಂದರೆ ಶಿಲಾಬಾಲಿಕೆಯರ, ಬಳೆ, ಸರ, ತಲೆಯ ಮೇಲಿನ ಬಳ್ಳಿ ಅಷ್ಟು ನವಿರಾಗಿ ಮೂಡಿದ್ದು ಅದರಿಂದಲೇ. ಹೊರಗಡೆಯೇ 38 ಮದನಿಕೆಯರಿದ್ದಾರೆ, ನಮ್ಮ ತರಗತಿಯಲ್ಲಿ 36 ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು! ಅದರ ಕೆಳಗೆ ಕೂತು, ಕತ್ತೆತ್ತಿ ನೋಡಿ, ಸಮಾಧಾನವಾಗಿ ಚಿತ್ರ ಬಿಡಿಸಲಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಬುಡದಲ್ಲಿ ಹೆಸರು ಕೊರೆದಿಟ್ಟಿದ್ದಾರೆ. ಅಪ್ಪ-ಮಗ ಒಟ್ಟಿಗೆ ಉಳಿ ಹಿಡಿದ ಜಾಗ ಅದು. ಆ ಹೆಸರುಗಳನ್ನು ಮಕ್ಕಳೇ ಹುಡುಕಬೇಕು ಎಂದು ನನಗೆ ತುಂಬಾ ಆಸೆ. ಮುಕ್ಕಾಲು ಗಂಟೆಯಲ್ಲಿ ಇದೆಲ್ಲ ಆಗುತ್ತದಾ, ನೀವೇ ಹೇಳಿ.

ಹಳೇಬೀಡು ಬೇಡ ಅಂತಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಒಟ್ಟಿಗೇ ಯುನೆಸ್ಕೋ ಪಟ್ಟಿಗೆ ಸೇರಿದವು. ಮೂರನ್ನೂ ನೋಡಲೇಬೇಕು. ಮುಂದಿನ ವರ್ಷ ಹಳೇಬೀಡಿಗೇ ಒಂದು ದಿನ ಇಡೋಣ. ಈ ಸಲ ಮಾತ್ರ ಬೇಲೂರು ಒಂದೇ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಬದಲಾಯಿಸುವುದಿಲ್ಲ.

ಮಂಗಳಾರತಿಗೆ ನಿಲ್ಲುವುದು ಮಕ್ಕಳ ಇಷ್ಟ, ಯಾರಿಗೂ ಒತ್ತಾಯವಿಲ್ಲ. ಹೋದ ವರ್ಷ ಮಧ್ಯಾಹ್ನದ ಬಿಸಿಲಿಗೆ ಕಲ್ಲುಹಾಸು ಕಾದು ಕೆಲವು ಮಕ್ಕಳ ಪಾದ ಸುಟ್ಟಿತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ. ಈ ಸಲ ಬೆಳಗ್ಗೆ ಬೇಗ ತಲುಪುತ್ತೇವೆ, ಬಿಸಿಲು ಏರಿದ ಮೇಲೆ ಮಕ್ಕಳನ್ನು ಒಳಗೆ, ನೆರಳಲ್ಲಿ ಕೂರಿಸುತ್ತೇವೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಪ್ರವಾಸದ ದಿನ ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ